ಗಾಳಿಯ ಗಿಡ್ಡ ದಾರಿ

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಹುಡುಗಿಯ ಮುಖ ನೋಡಲು ಮೆಕ್ಯಾನಿಕ್ ಪುಟ್ಟಾಚಾರಿಗೆ ಧೈರ್ಯ ಬರಲಿಲ್ಲ. ಅವಳ ಅಪ್ಪ ಕಾಫಿ ತರಲು ಆಸ್ಪತ್ರೆಯ ಕ್ಯಾಂಟೀನಿಗೆ ಹೋದದ್ದೇ ತಡ, ಬಾಯಿಬಿಟ್ಟ.

“ತಪ್ಪು ನಂದು ಕಣವ್ವಾ. ನಿನ್ ಕಾರಲ್ಲಿ ಎಂಜಿನ್ನಿಗೆ ಗಾಳಿ ಹೋಗಕ್ಕೆ ಎರಡು ದಾರಿ ಅವೆ. ನಿಧಾನಕ್ಕೆ ಓಡ್ಸುವಾಗ ಉದ್ದದ್ದು, ಜೋರಾಗಿ ಓಡ್ಸುವಾಗ ಗಿಡ್ಡದ್ದು. ಆ ಗಿಡ್ಡ ದಾರಿ ತೆರೆಯೋ ವೈರು ನಾನೇ ಕಿತ್ತಿಟ್ಟಿದ್ದೆ, ಕಾರು ಜೋರಾಗಿ ಎಳೀಬಾರ್ದು ಅಂತ. ಮಗಳು ವಿಪರೀತ ಸ್ಪೀಡು, ಏನಾದ್ರೂ ಮಾಡಿ ಅಂತ ನಿಮ್ಮಪ್ಪ ಕೈ ಮುಗಿದಿದ್ರು.”

ಅವಳು ದಿಂಬಿಗೆ ಒರಗಿ ಅವನತ್ತ ತಿರುಗಿದಳು.

“ಲಾರಿ ಓವರ್‌ಟೇಕ್ ಮಾಡುವಾಗ ಕಾರು ಎಳೀಲಿಲ್ಲ, ಅಲ್ವಾ?” ಅವನು ಪ್ಲಾಸ್ಟರ್ ನೋಡುತ್ತ ಕೇಳಿದ.

“ಚೆನ್ನಾಗೇ ಎಳೀತು ಆಚಾರ್ರೇ. ಆ ವೈರು ನಾನು ಮಾರನೇ ದಿನಾನೇ ವಾಪಸ್ ಸಿಗಿಸಿದ್ದೆ. ಗುದ್ದಿದಾಗ ನೂರಾ ನಲವತ್ತರಲ್ಲಿದ್ದೆ.”

ಎರಡು ವಾರದಿಂದ ಎದೆ ಮೇಲಿದ್ದ ಭಾರ ಇಳಿದಂತಾಗಿ ಪುಟ್ಟಾಚಾರಿ ಎದ್ದು ನಿಂತ. “ಮೊದ್ಲು ನಿಮ್ಮಪ್ಪಂಗೆ ಹೇಳ್ತೀನಿ. ತನ್ನಿಂದ್ಲೇ ಹಿಂಗಾಯ್ತು ಅಂತ ಊಟ ಬಿಟ್ಟು ಕೂತವ್ರೆ.”

ಅವಳು ಅವನ ಕೈ ಹಿಡಿದುಕೊಂಡಳು.

“ಹೇಳ್ಬೇಡಿ. ಆ ಸಂಕಟಕ್ಕೇ ಅಪ್ಪ ನಂಗೆ ಇದಕ್ಕಿಂತ ಜೋರಾಗಿ ಎಳೆಯೋ ಕಾರು ಬುಕ್ ಮಾಡಿದ್ದಾರೆ.”