ಕಾಗದದ ನಿರ್ದೇಶಕ

ವಿಮಾನ ನಿಲ್ದಾಣದ ಅಧಿಕಾರಿ ಡ್ರೈವರನ ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ, ಅದನ್ನು ಪಕ್ಕಕ್ಕೆ ಮಗುಚಿಟ್ಟ. ಡ್ರೈವರ್ ವಿದೇಶದಲ್ಲಿದ್ದ ಮಗಳ ಚೊಚ್ಚಲ ಹೆರಿಗೆಗೆಂದು ಹೊರಟಿದ್ದ. ಸಾಲಿನಲ್ಲಿ ಅವನ ಮುಂದಿದ್ದ, ಅವನ ಕಂಪನಿಯ ವಿದೇಶಿ ಮ್ಯಾನೇಜರು ಆಗಲೇ ತಪಾಸಣೆಯ ಗೆರೆ ದಾಟಿದ್ದರು.

“ನಿಮ್ಮ ಕಂಪನಿ ನಡೆಸೋರ ಸರ್ಕಾರಕ್ಕೂ ನಮ್ಮದಕ್ಕೂ ಸಂಬಂಧ ಕೆಟ್ಟಿದೆ,” ಎಂದ ಅಧಿಕಾರಿ. “ಅದಕ್ಕೇ ನಿಮ್ಮ ಕಂಪನಿ ಮೇಲೆ ವಿಚಾರಣೆ ನಡೀತಿದೆ. ಮುಗಿಯೋವರೆಗೂ ನಿರ್ದೇಶಕರು ದೇಶ ಬಿಡೋ ಹಾಗಿಲ್ಲ.”

“ನಾನು ಡ್ರೈವರ್, ಸ್ವಾಮಿ. ಇಲ್ಲೇ ಹುಟ್ಟಿದವರೊಬ್ಬರು ನಿರ್ದೇಶಕರಾಗಿ ಇರಲೇಬೇಕು ಅಂತ ಕಾನೂನಂತೆ. ಆಫೀಸಲ್ಲಿ ಅಂಥವನು ನಾನೊಬ್ಬನೇ ಸಿಕ್ಕೆ, ರುಜು ಹಾಕಿಸ್ಕೊಂಡ್ರು. ಆಮೇಲೂ ಕಾರು ತೊಳೀತಿದ್ದವನು ನಾನೇ. ಬೇಕಾದ್ರೆ ಅವರನ್ನೇ ಕೇಳಿ.”

ಮ್ಯಾನೇಜರು ತಿರುಗಿ ನಿಂತರು. ಹನ್ನೊಂದು ವರ್ಷ ಹಿಂದಿನ ಸೀಟಿನಿಂದ ಎಡಕ್ಕೆ, ಬಲಕ್ಕೆ ಎಂದು ದಾರಿ ತೋರಿಸಿದ್ದ ಬೆರಳನ್ನು ಈಗ ಡ್ರೈವರನ ಕಡೆಗೆ ಚಾಚಿದರು.

“ಹೌದು, ನಿರ್ದೇಶಕರು ಅವರೇ. ನಾನು ಬರೀ ಸಲಹೆಗಾರ,” ಎಂದು ಚೀಲ ಎಳೆದುಕೊಂಡು ವಿಮಾನದತ್ತ ನಡೆದರು.

ಡ್ರೈವರ್ ಫೋನು ತೆಗೆದು ಮಗಳ ನಂಬರು ಹುಡುಕಿದ. ಅಧಿಕಾರಿ ಎದ್ದು ಬಂದು, ಕುರ್ಚಿಯೊಂದರ ಧೂಳು ಕೊಡವಿ ಅವನತ್ತ ಸರಿಸಿದ. ಹುಟ್ಟಿದಾಗಿನಿಂದ ಯಾರೂ ಅವನಿಗೆ ಕೊಡದಿದ್ದ ಮರ್ಯಾದೆಯೊಂದು ಆ ಅಧಿಕಾರಿಯ ದನಿಯಲ್ಲಿತ್ತು.

“ಕೂತ್ಕೊಳ್ಳಿ ಸಾರ್. ಇಂಥ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತೆ.”