ಮಟಮಟ ಮಧ್ಯಾಹ್ನ ನೋಡಿದ ಮನೆ

ಮಾರಾಟಕ್ಕಿದ್ದ ಮನೆಯ ಹಾಲ್‌ನಲ್ಲಿ, ಮಟಮಟ ಮಧ್ಯಾಹ್ನ, ಅತ್ತೆ ಬರಿ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಮನೆಯ ಒಡತಿ ಟೈಲರಮ್ಮ ಹೊಲಿಗೆ ಮಿಷಿನ್ ನಿಲ್ಲಿಸಿ ಗಾಬರಿಯಿಂದ ಎದ್ದಳು. ಮಗ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಫ್ಯಾನ್ ನೋಡುತ್ತ ನಿಂತ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಸೊಸೆಗೆ ನಾಚಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

"ಅಮ್ಮನಿಗೆ ಏನಾಯ್ತು?" ಎಂದಳು ಟೈಲರಮ್ಮ.

"ಏನಿಲ್ಲ ಬಿಡಿ," ಎಂದ ಬ್ರೋಕರ್. "ಅವರು ಮನೆ ನೋಡೋದೇ ಹಾಗೆ."

ಆ ಊರಿನ ಬಿಸಿಲು ಅಂತಿಂಥದ್ದಲ್ಲ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿತ್ತು. ಅದಕ್ಕೇ ಬ್ರೋಕರ್‌ಗಳು ಸಂಜೆಯಾಗದೆ ಯಾರಿಗೂ ಮನೆ ತೋರಿಸುತ್ತಿರಲಿಲ್ಲ. "ಸಂಜೆ ತಂಪಾಗೋದು ಬೀದಿ ಕಣಪ್ಪ, ಮನೆ ಅಲ್ಲ. ನಡು ಮಧ್ಯಾಹ್ನ ತೋರಿಸು," ಎಂದು ಅತ್ತೆ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. ಮಗನ ಕಣ್ಣು ಹೊಳೆಯುವ ಟೈಲ್ಸ್ ಮೇಲೆ, ಬಾಲ್ಕನಿಯ ಮೇಲೆ. ಅತ್ತೆಯದೇ ಬೇರೆ ದಾರಿ. ಹೋದ ಮನೆಯಲ್ಲೆಲ್ಲ ನೆಲಕ್ಕೆ ಬೆನ್ನು ಕೊಟ್ಟು, ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚುವುದು, ಸ್ವಲ್ಪ ಹೊತ್ತಿಗೇ ಧಡಕ್ಕನೆ ಎದ್ದು, "ಇಲ್ಲೂ ಬೆಂದು ಹೋಗ್ತಾಳೆ, ನಡೀರಿ," ಎನ್ನುವುದು.

ಬೆಂದು ಹೋಗುತ್ತಿದ್ದವಳು ಸೊಸೆ. ಎಳೆ ಕೂಸುಗಳ ವಾರ್ಡಿನಲ್ಲಿ ನರ್ಸ್, ಯಾವಾಗಲೂ ರಾತ್ರಿ ಪಾಳಿ. ಹಗಲು ಮಲಗೋಣವೆಂದರೆ ಬಾಡಿಗೆ ಮನೆಗೆ ತಗಡಿನ ಸೂರು. ಕಳೆದ ವಾರ ಕೂಸನ್ನು ಎತ್ತಿಕೊಂಡು ನಿಂತಲ್ಲೇ ತೂಕಡಿಸಿದ್ದಳು. ಪಕ್ಕದಲ್ಲಿದ್ದ ನರ್ಸ್ ಕೂಸನ್ನು ಹಿಡಿಯದಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ಕೂಸನ್ನು ಎತ್ತಿಕೊಳ್ಳುವುದಕ್ಕೇ ಹೆದರುತ್ತಿದ್ದಳು. ಜೀವದಂತಿದ್ದ ಕೆಲಸವನ್ನು ಬಿಟ್ಟುಬಿಡುತ್ತೇನೆಂದು ಮನೆಗೆ ಬಂದು ಅತ್ತಿದ್ದಳು. "ಕೆಲಸ ಬಿಡೋ ಮಾತು ಆಮೇಲೆ. ಮೊದಲು ಈ ಕಾದ ಕಾವಲಿ ಮೇಲಿಂದ ಇಳಿಯೋಣ," ಎಂದಿದ್ದರು ಅತ್ತೆ.

ಟೈಲರಮ್ಮನ ಮನೆ ನೋಡುವುದಕ್ಕೇನೂ ಚೆನ್ನಾಗಿರಲಿಲ್ಲ. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅಡುಗೆಮನೆಯಲ್ಲಿ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. "ಇದರಲ್ಲಿ ನೋಡೋಕೇನಿದೆ?" ಎಂದು ಮಗ ಗೊಣಗಿದ. ಬ್ರೋಕರ್‌ಗೂ ಆಸೆಯಿರಲಿಲ್ಲ, ದಾರಿಯಲ್ಲಿತ್ತೆಂದು ತೋರಿಸಿದ್ದ ಅಷ್ಟೇ. ಆದರೆ ಅತ್ತೆ ಬೇಗ ಏಳಲಿಲ್ಲ. ಮೇಲೊಂದು ಮಹಡಿಯಿತ್ತು, ಪಶ್ಚಿಮದ ಬಿಸಿಲಿಗೆ ಪಕ್ಕದ ದೊಡ್ಡ ಕಟ್ಟಡ ಅಡ್ಡ ನಿಂತಿತ್ತು, ನೆಲ ತಣ್ಣಗಿತ್ತು. ಹಾಲ್‌ನಿಂದ ಒಳಕೋಣೆಗೆ ಹೋಗಿ ಅಲ್ಲೂ ಮಲಗಿ ನೋಡಿ, ಸೊಸೆಯನ್ನು ಕರೆದರು.

"ಬಾ ಇಲ್ಲಿ. ಒಂಚೂರು ಬೆನ್ನು ಚಾಚು."

"ಅತ್ತೆ, ಬೇರೆಯವರ ಮನೆ..."

"ನಿದ್ದೆಗೆ ಯಾರ ಮನೆ ಅಂತ ಏನು ಗೊತ್ತು? ಮಲಗು."

ಟೈಲರಮ್ಮ ಒಂದು ದಿಂಬು ತಂದುಕೊಟ್ಟಳು.

ಸೊಸೆ ಕಣ್ಣು ಬಿಟ್ಟಾಗ ಕಿಟಕಿಯ ಬೆಳಕು ಕೆಂಪಾಗಿತ್ತು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆನ್ನು ಬೆವೆತಿರಲಿಲ್ಲ, ತಲೆ ಸಿಡಿಯುತ್ತಿರಲಿಲ್ಲ. ಎಷ್ಟು ತಿಂಗಳಾಗಿತ್ತು ಹೀಗೆ ಎದ್ದು! ಹಾಲ್‌ಗೆ ಬಂದರೆ, ಟೈಲರಮ್ಮ ಮಿಷಿನ್ ಬಿಟ್ಟು ಕೈಯಲ್ಲೇ ಅಂಚು ಹೊಲಿಯುತ್ತಿದ್ದಳು.

"ಮಿಷಿನ್ ಸದ್ದು ಜಾಸ್ತಿ ಅಲ್ವಾ ಅಮ್ಮ," ಎಂದು ನಕ್ಕಳು. "ನಿನ್ನ ಗಂಡ ಯೂನಿಫಾರ್ಮ್ ತರೋಕೆ ಹೋಗಿದಾರೆ. ಇಲ್ಲಿಂದಲೇ ಡ್ಯೂಟಿಗೆ ಹೋಗ್ಬಹುದಂತೆ."

"ಮನೆ ಕೊಡ್ತೀರೋ ಬಿಡ್ತೀರೋ, ಇವತ್ತಿನ ನಿದ್ದೆ ಸಾಯೋವರೆಗೂ ಮರೆಯಲ್ಲ ಅಕ್ಕ," ಎಂದಳು ಸೊಸೆ.

ಹೊರಬಾಗಿಲು ತೆರೆದಳು. ಕಾದ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಮುಖ ಕೆಂಪಾಗಿ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಒಂದು ಕೈ ಮೇಲೆತ್ತಿ ಕಾಲಿಂಗ್ ಬೆಲ್‌ನ ಗುಂಡಿಯನ್ನು ಅಂಗೈಯಿಂದ ಮುಚ್ಚಿಟ್ಟಿದ್ದರು.

"ಇದೇನತ್ತೆ ಇದು?"

"ಬಟ್ಟೆ ಕೊಡೋರು, ಇಸ್ಕೊಳ್ಳೋರು ಬರ್ತಾನೇ ಇದ್ರು ಕಣೆ. ಒಬ್ಬರು ಒತ್ತಿದ್ರೂ ನೀನು ಎದ್ದುಬಿಡ್ತಿದ್ದೆ."

ಇಂಥವರ ಕೈಗೆ ತನ್ನನ್ನು ಕೊಟ್ಟ ಅದೃಷ್ಟಕ್ಕೆ ಸೊಸೆ ಮನಸ್ಸಿನಲ್ಲೇ ಕೈ ಮುಗಿದಳು. ಪಕ್ಕದಲ್ಲಿ ಕೂತು, ಮರಗಟ್ಟಿದ್ದ ಆ ತೋಳನ್ನು ಮೆಲ್ಲನೆ ಹಿಡಿದು, "ನಾನು ಎದ್ದಾಯ್ತಲ್ಲ, ಇನ್ನಾದ್ರೂ ಕೈ ಇಳಿಸಿ," ಎಂದಳು.

ಅತ್ತೆ ಕೈ ಇಳಿಸಲಿಲ್ಲ.

"ಶ್! ಮೆತ್ತಗೆ ಮಾತಾಡು. ಆ ಕಡೆ ರೂಮಲ್ಲಿ ಬ್ರೋಕರ್‌ಗೆ ಈಗಷ್ಟೇ ನಿದ್ದೆ ಹತ್ತಿದೆ."