ಸಾರಾಂಶ ಮಾತ್ರ ಲಭ್ಯ

ಮೂರನೆಯ ಸಲವೂ ಅವೇ ಪದಗಳು. ನಿಧಾನ ವಿಷ. ಸಾಮಾನ್ಯ ರಕ್ತಪರೀಕ್ಷೆಗೆ ಸಿಗದ್ದು. ಎಷ್ಟು ತಿಂಗಳು.

ಗ್ರಂಥಪಾಲಕಿ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. ವಾಚನಾಲಯದ ಯಾವ ಕಂಪ್ಯೂಟರಿನಲ್ಲಿ ಯಾರು ಏನು ಹುಡುಕುತ್ತಿದ್ದಾರೆಂಬುದು ಅವಳ ಮೇಜಿನ ಪರದೆಯಲ್ಲಿ ಕಾಣುತ್ತಿತ್ತು. ಏಳನೆಯದರ ಮುಂದೆ ಕುಳಿತಿದ್ದವರು ನಿವೃತ್ತ ಭೂಗೋಳ ಮೇಷ್ಟ್ರು. ಹಳೆಯ ನಕ್ಷೆಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೋದ ವರ್ಷ ಸದಸ್ಯರಾಗಿದ್ದರು. ಈಚೆಗೆ ಸೆಕೆಯಲ್ಲೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲವಾದ್ದರಿಂದ ಸಿಬ್ಬಂದಿಯ ಬಾಯಲ್ಲಿ ಅವರು ಟೋಪಿ ಮೇಷ್ಟ್ರು.

ಈ ಟೋಪಿ ಯಾರಿಗೆ ಹಾಕಲೋ, ಎಂದುಕೊಂಡಳು ಅವಳು.

ಡೇಟಾಬೇಸ್ ಬಳಸುವುದನ್ನು ಅವರಿಗೆ ಕಲಿಸಿದವಳು ಅವಳೇ. "ಎಲ್ಲಾ ಬಾವಿಗೂ ಒಂದೇ ಹಗ್ಗ ಸಾಲಲ್ಲ ಮೇಷ್ಟ್ರೇ" ಎಂದು ಮೊದಲ ದಿನವೇ ಹೇಳಿದ್ದಳು. ನಕ್ಷೆಗೆ ಒಂದು, ಹಳೆಯ ಪತ್ರಿಕೆಗಳಿಗೆ ಒಂದು, ವೈದ್ಯಕೀಯಕ್ಕೆ ಮತ್ತೊಂದು. ಮೇಷ್ಟ್ರು ಶಾಲೆಯ ಹುಡುಗನ ಹಾಗೆ ಎಲ್ಲವನ್ನೂ ಬರೆದುಕೊಂಡಿದ್ದರು. ಹೋದ ತಿಂಗಳು ನಕ್ಷೆ ಬಿಟ್ಟು ಇದ್ದಕ್ಕಿದ್ದಂತೆ ವೈದ್ಯಕೀಯಕ್ಕೆ ಇಳಿದಿದ್ದರು.

"ನಕ್ಷೆಗೂ ಔಷಧಿಗೂ ಎಲ್ಲಿಯ ಸಂಬಂಧ?" ಎಂದು ಆಗ ಕೇಳಿದ್ದಳು.

"ಒಂದು ವಿಷಯ ಖಚಿತ ಮಾಡ್ಕೋಬೇಕಿತ್ತು ಮೇಡಂ."

"ಪಾಸ್‌ವರ್ಡ್ ಕೊಡ್ತೀನಿ, ಮನೇಲೇ ನೋಡ್ಕೊಳ್ಳಿ."

"ಬೇಡ ಬೇಡ. ಮನೇಲಿ ಹೆಂಡ್ತಿ ಇರ್ತಾಳೆ. ಅವಳಿಗೆ ಇದ್ಯಾವುದೂ ಗೊತ್ತಾಗಬಾರದು."

ಹಾಗೆ ಹೇಳುವಾಗ ಅವರ ಕೈಯಿಂದ ಪೆನ್ನು ಜಾರಿ ಬಿದ್ದಿತ್ತು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ ಹಾಗೆ. ಇಪ್ಪತ್ತೆರಡು ವರ್ಷ ಇದೇ ಮೇಜಿನ ಹಿಂದೆ ಕುಳಿತವಳು ಅವಳು. ಯಾರು ಪ್ರಬಂಧ ಮುಗಿಸುತ್ತಾರೆ, ಯಾರು ಕದಿಯುತ್ತಾರೆ ಎಂಬುದನ್ನು ಅವರು ಹುಡುಕುವ ಪದ ನೋಡಿಯೇ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ.

ಈಗ ಮೇಷ್ಟ್ರು ಕುರ್ಚಿಗಳ ಬೆನ್ನು ಹಿಡಿದುಕೊಳ್ಳುತ್ತ ಅವಳ ಬಳಿ ಬಂದರು.

"ಸಿಕ್ಕಿತು ಮೇಡಂ. ನನಗೆ ಬೇಕಾದ ಲೇಖನ ಇದೇ. ಆದ್ರೆ ಸಾರಾಂಶ ಮಾತ್ರ ತೋರಿಸ್ತಿದೆ."

ಪೂರ್ತಿ ಲೇಖನ ಎರಡು ಕ್ಲಿಕ್‌ನಷ್ಟು ದೂರದಲ್ಲಿತ್ತು. ಗ್ರಂಥಾಲಯ ಅದಕ್ಕೆ ಚಂದಾ ಕಟ್ಟಿತ್ತು.

"ಇದು ನಮ್ಮಲ್ಲಿಲ್ಲ ಮೇಷ್ಟ್ರೇ. ಬೇರೆ ಲೈಬ್ರರಿಯಿಂದ ತರಿಸಬೇಕು. ಒಂದು ತಿಂಗಳಾಗುತ್ತೆ."

"ಅಷ್ಟು ದಿನ ಇಲ್ಲ ಮೇಡಂ" ಎಂದರು ಮೇಷ್ಟ್ರು, ಮೆಲ್ಲಗೆ.

ದಿನವನ್ನೂ ಗೊತ್ತುಮಾಡಿಕೊಂಡಾಗಿದೆ, ಎಂದುಕೊಂಡಳು ಅವಳು. ಆದರೂ ನಕ್ಕಳು. "ಹಳೇ ಪತ್ರಿಕೆಗಳ ಡೇಟಾಬೇಸ್ ನೋಡಿ. ಅದರಲ್ಲಿ ಇಂಥ ಸುದ್ದಿ ಬೇಕಾದಷ್ಟು."

"ನೀವೊಬ್ಬರೇ ನನಗೆ ಸಹಾಯ ಮಾಡ್ತಿರೋದು" ಎಂದು ಮೇಷ್ಟ್ರು ಕೈ ಮುಗಿದರು.

ಅವರು ಹೊರಟೊಡನೆ ಅವರ ಕಾರ್ಡಿಗಿದ್ದ ವೈದ್ಯಕೀಯ ಡೇಟಾಬೇಸಿನ ಅನುಮತಿಯನ್ನು ತೆಗೆದುಹಾಕಿದಳು. ಮುಂದಿನ ಮೂರು ದಿನ ಮೇಷ್ಟ್ರು ಐವತ್ತು ವರ್ಷ ಹಳೆಯ ಪತ್ರಿಕೆಗಳನ್ನು ಒಂದೊಂದೇ ಪುಟ ಸರಿಸುತ್ತ ಕುಳಿತರು. ಪೊಲೀಸರಿಗೆ ಹೇಳೋಣವೆಂದರೆ, ಹುಡುಕಿದ ಮಾತ್ರಕ್ಕೆ ಯಾರನ್ನು ಹಿಡಿಯಲಾಗುತ್ತದೆ? ನಾಲ್ಕನೆಯ ದಿನ ಸದಸ್ಯತ್ವದ ಅರ್ಜಿಯಿಂದ ಮನೆಯ ನಂಬರ್ ತೆಗೆದು, ಮೇಷ್ಟ್ರು ಏಳನೆಯ ಕಂಪ್ಯೂಟರಿನಲ್ಲಿ ಇರುವಾಗಲೇ ಫೋನ್ ಮಾಡಿದಳು.

ಹೆಂಡತಿಯದು ಸಮಾಧಾನದ ದನಿ. ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡಳು.

"ಏನೇನು ಹುಡುಕಿದಾರೆ, ಇನ್ನೊಂದ್ಸಲ ಹೇಳ್ತೀರಾ?"

ಗ್ರಂಥಪಾಲಕಿ ಬರೆದಿಟ್ಟುಕೊಂಡಿದ್ದನ್ನು ಓದಿ ಹೇಳಿದಳು.

"ಆ ಲೇಖನ ಅವರ ಕೈಗೆ ಸಿಕ್ಕಿಲ್ಲ ತಾನೆ?"

"ಸಿಗದ ಹಾಗೆ ಮಾಡಿದ್ದೀನಿ. ನೀವು ಮಾತ್ರ ಹುಷಾರಾಗಿರಿ ಅಕ್ಕಾ. ಊಟತಿಂಡಿ ಜೋಪಾನ."

"ಅಡುಗೆ ಎಲ್ಲಾ ನನ್ನ ಕೈಯಲ್ಲೇ ಇದೆ, ಯೋಚನೆ ಮಾಡ್ಬೇಡಿ. ಒಡಹುಟ್ಟಿದವರೂ ಇಷ್ಟು ಮಾಡಲ್ಲಮ್ಮ. ನಿಮ್ಮ ಉಪಕಾರ ಮರೆಯಲ್ಲ."

ಮರುದಿನದಿಂದ ಮೇಷ್ಟ್ರು ಬರಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ಯಾವ ಮುಖ ಹೊತ್ತು ಬಂದಾರು! ಒಂದು ಜೀವ ಉಳಿಸಿದೆನೆಂಬ ಹಮ್ಮಿನಲ್ಲಿ ಗ್ರಂಥಪಾಲಕಿ ಆ ವಾರವೆಲ್ಲ ಹಗುರಾಗಿ ಓಡಾಡಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿಯದೇ ಫೋನ್ ಬಂತು. ಮೇಷ್ಟ್ರು ತೀರಿಕೊಂಡಿದ್ದರು. ಎರಡು ದಿನವಾಯಿತಂತೆ. ಹೃದಯ ನಿಂತಿತು ಎಂದರಂತೆ ಡಾಕ್ಟರು. ಮಣ್ಣು ಮಾಡಿದ್ದೂ ಆಯಿತಂತೆ. ಮೇಷ್ಟ್ರ ಹೆಸರಿನಲ್ಲಿ ಪುಸ್ತಕ ಬಾಕಿಯಿದ್ದರೆ ಕಳಿಸಿಕೊಡುತ್ತೇನೆ ಎಂದಳು.

ಮಾಡಿದ್ದುಣ್ಣೋ ಮಹರಾಯ! ಗ್ರಂಥಪಾಲಕಿ ಮನಸ್ಸಿನಲ್ಲೇ ಅಂದುಕೊಂಡಳು. ಹೆಂಡತಿಗೆ ತೋಡಿದ ಗುಂಡಿಗೆ ತಾನೇ ಹೋಗಿ ಬಿದ್ದ. ದೇವರ ಲೆಕ್ಕ ತಪ್ಪುವುದಿಲ್ಲ. ಮೇಷ್ಟ್ರ ಸದಸ್ಯತ್ವ ರದ್ದು ಮಾಡಿ, ಒಂದು ಕಪ್ ಕಾಫಿ ತರಿಸಿಕೊಂಡು ಕುಡಿದಳು.

ಮಧ್ಯಾಹ್ನ ಇನ್ನೊಂದು ಫೋನ್ ಬಂತು. ಬೇರೆ ಊರಿನ ಹೆಂಗಸಿನ ದನಿ. ಅವಸರದ್ದು.

"ನಾನು ಡಾಕ್ಟರ್. ನಿಮ್ಮ ಲೈಬ್ರರಿಗೆ ಬರೋ ಭೂಗೋಳ ಮೇಷ್ಟ್ರು ನನ್ನ ಲೇಖನ ಕೇಳಿ ಮೇಲ್ ಮಾಡಿದ್ರು. ನಾನು ರಜೆಯಲ್ಲಿದ್ದೆ, ಈಗಷ್ಟೇ ನೋಡ್ದೆ. ಮನೆಗೆ ಫೋನ್ ಮಾಡ್ಬೇಡಿ, ಲೈಬ್ರರಿ ಮೇಡಂಗೆ ಮಾಡಿ, ನಾನು ನಂಬೋದು ಅವರೊಬ್ಬರನ್ನೇ ಅಂತ ಬರೆದಿದ್ದಾರೆ. ಆ ಮೇಡಂ ನೀವೇನಾ?"

"ನಾನೇ" ಎಂದಳು ಗ್ರಂಥಪಾಲಕಿ.

"ಹಾಗಾದ್ರೆ ಈಗಲೇ ಹೋಗಿ ಅವರಿಗೆ ಹೇಳಿ. ಕೂದಲು ಉದುರೋದು, ಕೈಕಾಲು ಜೋಮು, ಅವರ ಅನುಮಾನ ಸರಿಯಾಗೇ ಇದೆ. ಇನ್ನು ಮೇಲೆ ಹೆಂಡ್ತಿ ಕೈಯಿಂದ ಒಂದು ಲೋಟ ನೀರನ್ನೂ ಕುಡೀಬಾರದು."